ತಾರಸಿಯ ಮೇಲಿನ ತಗಡು

ನೀರು ಸರಬರಾಜು ಕಚೇರಿಯ ಕಾವಲುಗಾರನಿಗೆ ಊರಲ್ಲಿ ಎರಡು ಹೆಸರು. ಎದುರಿಗೆ ಪಾರಿವಾಳದಯ್ಯ, ಬೆನ್ನ ಹಿಂದೆ ಗುಮಾನಿರಾಯ. ಎರಡನೆಯದು ಅವನಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅದನ್ನು ಯಾರು ಇಟ್ಟಿರಬಹುದು ಎಂದು ಹತ್ತು ಜನರ ಮೇಲೆ ಗುಮಾನಿ ಇತ್ತು. ಹಾಲಿನವನು ನಗುತ್ತ ಹಾಲು ಅಳೆದರೆ ನೀರು ಬೆರೆಸಿದ್ದಾನೆ ಎನ್ನುವನು, ನಗದೆ ಅಳೆದರೆ ಜಾಸ್ತಿ ಬೆರೆಸಿದ್ದಾನೆ ಎನ್ನುವನು. ಹೆಂಡತಿ ಇದಕ್ಕೆಲ್ಲ ಸೊಪ್ಪು ಹಾಕದೆ ಸಂಸಾರ ತೂಗಿಸಿಕೊಂಡು ಬಂದಿದ್ದಳು.

ಕಚೇರಿಯ ತಾರಸಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಗಂಡ ಹೆಂಡತಿಯ ವಾಸ. ಕೆಳಗೆ, ಮೆಟ್ಟಿಲ ಸಂದಿಯಲ್ಲಿ, ಹೆಂಡತಿಯ ತಮ್ಮನ ಹೊಲಿಗೆ ಮಷೀನು. ಸಾಹೇಬರ ಕೈಕಾಲು ಹಿಡಿದು ಆ ಜಾಗ ಕೊಡಿಸಿದವನು ಕಾವಲುಗಾರನೇ. ಮೈದುನನೂ ಅದನ್ನು ಮರೆತವನಲ್ಲ. ದಿನಾ ಮಧ್ಯಾಹ್ನ ಒಂದು ಲೋಟ ಚಹಾ ತರಿಸಿ ಭಾವ ಮೈದುನ ಅರ್ಧರ್ಧ ಕುಡಿಯುತ್ತಿದ್ದರು. ಆಮೇಲೆ ಮೈದುನ ತಾರಸಿಗೆ ಬಂದು ಭಾವನ ಪಾರಿವಾಳಗಳಿಗೆ ಕಾಳು ಚೆಲ್ಲಿ ಹೋಗುವನು.

ಆ ತಾರಸಿಯ ನಡುವೆ ಎದೆಮಟ್ಟದ ಕಾಂಕ್ರೀಟ್ ಕಂಬ ಇತ್ತು. ಕಂಬದ ತಲೆಯ ಮೇಲೆ ಬೋರಲು ಹಾಕಿದ ಬಟ್ಟಲಿನಂಥ ಬಿಳಿ ಆಂಟೆನಾ. ಅದು ಹಗಲೂ ರಾತ್ರಿ ಉಪಗ್ರಹಗಳ ಸಂಕೇತ ಹಿಡಿದು, ಆಯಾ ಕ್ಷಣದಲ್ಲೇ ದೂರದ ಕೇಂದ್ರಕ್ಕೆ ಕಳಿಸುತ್ತದೆ. ಸುತ್ತಲಿನ ಊರುಗಳಲ್ಲೂ ಇಂಥವೇ ಕಂಬಗಳಿವೆ. ಎಲ್ಲದರ ಲೆಕ್ಕ ಸೇರಿಸಿ, ಅಳತೆಯ ತಪ್ಪು ತಿದ್ದುವ ಅಂಕಿಗಳನ್ನು ಕೇಂದ್ರದವರು ಹಂಚುತ್ತಾರೆ. ರಸ್ತೆ ಹಾಕುವವರು, ಪೈಪು ಹೂಳುವವರು, ಜಮೀನು ಅಳೆಯುವವರು ಅದನ್ನು ತಮ್ಮ ಯಂತ್ರಕ್ಕೆ ತುಂಬಿಕೊಂಡು ಬೆರಳಗಲದ ತಪ್ಪೂ ಇಲ್ಲದೆ ಅಳೆಯುತ್ತಾರೆ. ಇಷ್ಟನ್ನು ಕಾವಲುಗಾರನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ‘ತಾರಸಿ ಮೇಲೆ ಏನೂ ಇಡಬಾರದು’ ಎಂದಷ್ಟೇ ಸಾಹೇಬರು ಹೇಳಿದ್ದರು.

ಪಾರಿವಾಳದ ಗೂಡು ಮೊದಲಿಂದಲೂ ಮೂಲೆಯಲ್ಲಿತ್ತು. ತಾರಸಿಯ ಕಟ್ಟೆಗಿಂತ ಗಿಡ್ಡ ಇದ್ದದ್ದರಿಂದ ಕಚೇರಿಯವರ ಕಣ್ಣಿಗೆ ಬಿದ್ದಿರಲಿಲ್ಲ; ಊರವರು ಕರೆಯುವ ಹೆಸರನ್ನು ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಗೂಡು ಸೋರತೊಡಗಿದಾಗ ಮೈದುನ ಎಲ್ಲಿಂದಲೋ ಒಂದು ದೊಡ್ಡ ತಗಡು ಹೊತ್ತು ತಂದ. ಇಬ್ಬರೂ ಸೇರಿ ಅದನ್ನು ಗೂಡಿನ ಮೇಲೆ ಎತ್ತರಕ್ಕೆ ಓರೆಯಾಗಿ ನಿಲ್ಲಿಸಿದರು. ಮಾರನೆಯ ದಿನವೇ ಕಚೇರಿಯ ಗುಮಾಸ್ತ ಕಾವಲುಗಾರನನ್ನು ಕರೆಸಿ ಕೇಳಿದ:

“ಕೇಂದ್ರದಿಂದ ಫೋನ್ ಬಂದಿತ್ತು. ತಾರಸಿ ಮೇಲೆ ಹೊಸದೇನಾದ್ರೂ ಇಟ್ಟಿದೀರಾ?”

“ಏನೂ ಇಲ್ಲ ಸ್ವಾಮಿ. ಪಾರಿವಾಳ ಕೂಡ ಇಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದು! ಪಾರಿವಾಳದ ಮಾತು ಎತ್ತಿದವರು ಯಾರು?

ತಗಡು ತೆಗೆದ, ಫೋನ್ ನಿಂತಿತು. ಮತ್ತೆ ಇಟ್ಟ, ಮತ್ತೆ ಬಂತು. ಈ ಸಲ ಸಾಹೇಬರೇ ಗದರಿದರು. “ಇನ್ನೊಂದು ದೂರು ಬಂದ್ರೆ ಕೋಣೆ ಖಾಲಿ ಮಾಡ್ಬೇಕಾಗುತ್ತೆ, ನೋಡ್ಕೊಳ್ಳಿ.”

ಕಾವಲುಗಾರನಿಗೆ ನಿದ್ದೆ ಹಾರಿತು. ತಾರಸಿಯ ಬೀಗದ ಕೈ ಇರುವುದು ತನ್ನ ಸೊಂಟದಲ್ಲಿ. ಸುತ್ತ ಇಷ್ಟೆತ್ತರದ ಕಟ್ಟಡವಿಲ್ಲ. ಹಾಗಾದರೆ ಕಂಡವರು ಯಾರು? ಮೇಲೆ ಬರುವುದು ಹೆಂಡತಿ, ಬಿಟ್ಟರೆ ಅವಳ ತಮ್ಮ. ಕೋಣೆ ಖಾಲಿಯಾದರೆ ಲಾಭ ಯಾರಿಗೆ? ಮೆಟ್ಟಿಲ ಸಂದಿಯಲ್ಲಿ ಬೆವರು ಸುರಿಸುವವನಿಗೆ ಗಾಳಿ ಬೆಳಕಿನ ಕೋಣೆ ಬೇಡವೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೈದುನ ಚಹಾ ಹಂಚುವಾಗ ತನಗೇ ಒಂದು ಗುಟುಕು ಹೆಚ್ಚು ಬಿಡುವುದೂ ಈಗ ಲಂಚದಂತೆ ಕಂಡಿತು.

ಪರೀಕ್ಷೆ ಮಾಡಿಯೇಬಿಡೋಣ ಎಂದುಕೊಂಡ. ಚಹಾ ಕುಡಿಯುತ್ತ ಮೈದುನನ ಕಿವಿಯಲ್ಲಿ ಉಸುರಿದ: “ನಾಳೆ ತಗಡನ್ನ ದಕ್ಷಿಣದ ಕಟ್ಟೆಗೆ ನಿಲ್ಲಿಸ್ತೀನಿ. ನಿನ್ನ ಅಕ್ಕನಿಗೂ ಹೇಳ್ಬೇಡ.”

ಸುಳ್ಳು ಹೇಳಿ ಸುಮ್ಮನಿದ್ದಿದ್ದರೆ ಅದು ಪರೀಕ್ಷೆ. ಈ ಪುಣ್ಯಾತ್ಮ ಹೇಳಿದಂತೆಯೇ ತಗಡನ್ನು ನಿಲ್ಲಿಸಿಯೂ ಬಿಟ್ಟ! ಮಧ್ಯಾಹ್ನದ ಹೊತ್ತಿಗೆ ಗುಮಾಸ್ತ ಕೆಳಗಿನಿಂದ ಕೂಗಿದ: “ದಕ್ಷಿಣದ ಕಡೆ ಏನೋ ಅಡ್ಡ ನಿಂತಿದೆಯಂತಲ್ರೀ!”

ಕಾವಲುಗಾರ ಮೆಟ್ಟಿಲನ್ನು ಇಳಿಯಲಿಲ್ಲ, ಉರುಳಿದ. ಮೈದುನನ ಕಾಲರ್ ಹಿಡಿದ.

“ಕೋಣೆ ಬೇಕಾಗಿತ್ತೇನೋ ನಿಂಗೆ? ಬಾಯ್ಬಿಟ್ಟು ಕೇಳಿದ್ರೆ ಕೊಡ್ತಿದ್ದೆನಲ್ಲೋ!”

ಮೈದುನ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನಕ್ಕ. “ಇದೇನ್ ಭಾವ, ಬಿಸಿಲು ತಲೆಗೇರ್ತಾ?”

“ಭಾವ ಅನ್ಬೇಡ! ದಕ್ಷಿಣ ಅಂತ ನಿಂಗೊಬ್ಬನಿಗೇ ಹೇಳಿದ್ದು.”

“ಅಲ್ಲ, ಆ ತಗಡು ತಂದುಕೊಟ್ಟವನೇ ನಾನು!”

“ಅದಕ್ಕೇ ತಂದುಕೊಟ್ಟೆ! ಸಿಕ್ಕಿಹಾಕ್ಸೋಕೆ!”

ಇಂಥ ತಲೆಗೆ ಯಾವ ಔಷಧಿ? ಗಲಾಟೆಗೆ ಹೆಂಡತಿ ಇಳಿದು ಬಂದಳು. “ನನ್ನ ತಮ್ಮನ ಬಾಯಲ್ಲಿ ಗುಂಡುಸೂಜಿ ಇರುತ್ತೆ, ಚಾಡಿ ಇರಲ್ಲ” ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ನೆಟ್ಟಗೆ ಸಾಹೇಬರ ಹತ್ತಿರ ಹೋಗಿ, ಹೊಲಿಗೆ ಮಷೀನು ಜನರ ಓಡಾಟಕ್ಕೆ ಅಡ್ಡ ಎಂದು ಹೇಳಿಬಂದ. ವಾರ ಕಳೆಯುವುದರೊಳಗೆ ಮೈದುನ ಮಷೀನನ್ನು ತಳ್ಳುಗಾಡಿಗೆ ಏರಿಸಿಕೊಂಡು ಹೊರಟ. ಹೋಗುವಾಗ ತಾರಸಿಯ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಹೆಂಡತಿ ಮಾತು ಬಿಟ್ಟಳು. ತಟ್ಟೆ ಕುಕ್ಕುವ ಸದ್ದೇ ಊಟಕ್ಕೆ ಕರೆ.

ಅದಾದ ಮೇಲೆ ಕೇಂದ್ರದಿಂದ ಎಂಜಿನಿಯರ್ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ತಗಡು ಆಗ ಕೋಣೆಯೊಳಗೆ ಮಂಚದಡಿ ಮಲಗಿತ್ತು. ಕಾವಲುಗಾರ ಬೀಗ ತೆಗೆಯುತ್ತಲೇ ಕೇಳಿದ: “ನಿಮಗೆ ಸುದ್ದಿ ಮುಟ್ಟಿಸ್ತಿದ್ದೋರು ಯಾರಮ್ಮ? ಹೆಸರು ಹೇಳ್ಬಿಡಿ.”

“ಯಾರೂ ಇಲ್ಲ ಯಜಮಾನ್ರೇ. ಇದೇ ಹೇಳ್ತು.” ಅವಳು ಕಂಬ ತೋರಿಸಿದಳು.

“ಇದಕ್ಕೇನು ಕಣ್ಣಿದೆಯಾ?”

“ಕಣ್ಣಿಲ್ಲ. ತಗಡೋ ಗಿಗಡೋ ಅಡ್ಡ ನಿಂತ್ರೆ ಆ ದಿಕ್ಕಿನ ಉಪಗ್ರಹಗಳ ಸಂಕೇತ ಮಂಕಾಗುತ್ತೆ. ಪಕ್ಕದೂರಿನ ಕಂಬಗಳಿಗೆ ಚೆನ್ನಾಗಿ ಸಿಗೋದು ಇದಕ್ಕೊಂದಕ್ಕೆ ಸಿಗ್ಲಿಲ್ಲ ಅಂದ್ರೆ, ಇಲ್ಲೇ ಏನೋ ಇದೆ ಅಂತ ನಮಗೆ ಅಲ್ಲಿಂದಲೇ ಗೊತ್ತಾಗುತ್ತೆ.”

ಅವನು ನಂಬುವವನೇ? ಇವಳೂ ಮೈದುನನ ಕಡೆಯವಳಿರಬಹುದು. ಅವಳನ್ನು ಲ್ಯಾಪ್‌ಟಾಪ್ ಸಮೇತ ಮೆಟ್ಟಿಲ ಮೇಲೆ ಕೂರಿಸಿ ಬಾಗಿಲು ಮುಚ್ಚಿದ. ತಗಡನ್ನು ಸದ್ದಿಲ್ಲದೆ ತಂದು ಒಂದು ಕಟ್ಟೆಗೆ ಒರಗಿಸಿದ. ಸ್ವಲ್ಪ ಹೊತ್ತಾದ ಮೇಲೆ ಆಚೆಯಿಂದ ದನಿ ಬಂತು: “ಪೂರ್ವ!” ಬೇರೆ ಕಡೆ ಒಯ್ದು ಇಟ್ಟು ಬಾಗಿಲಿಗೆ ಕಿವಿಗೊಟ್ಟ. “ಈಗ ಪಶ್ಚಿಮ!” ಮೂರನೆಯ ಸಲ ತಗಡನ್ನು ನೆಲಕ್ಕೆ ಮಲಗಿಸಿದ. “ತೆಗೆದುಬಿಟ್ರಾ?” ಎಂದಿತು ದನಿ.

ಅವನು ಆ ತಗಡಿನ ಪಕ್ಕದಲ್ಲೇ ಕುಕ್ಕರಿಸಿದ.

ಹುಡುಗಿ ಬಾಗಿಲು ತಳ್ಳಿಕೊಂಡು ಬಂದು ಗೂಡಿನ ಕಡೆ ನೋಡಿದಳು. “ಇವೂ ಹೋಗ್ಬೇಕು ಯಜಮಾನ್ರೇ. ಆಂಟೆನಾ ಮೇಲೆ ಕೂರ್ತವೆ.”

“ಪಾರಿವಾಳ ಇರೋದನ್ನೂ ಕಂಬವೇ ಹೇಳ್ತಾ?”

“ಇಲ್ಲ,” ನಗು ತಡೆದುಕೊಂಡಳು. “ಅದನ್ನ ನೀವೇ ಗುಮಾಸ್ತರಿಗೆ ಹೇಳಿದ್ರಂತೆ.”

ಸಾಹೇಬರ ಮುಂದೆ ನಿಂತು ಮೆಟ್ಟಿಲ ಕೆಳಗಿನ ಜಾಗ ವಾಪಸು ಕೇಳಿದ. ಅಲ್ಲಿ ಆಗಲೇ ಜೆರಾಕ್ಸ್ ಅಂಗಡಿ ಕೂತಿತ್ತು. ಮನೆಗೆ ಬಂದು ಹೆಂಡತಿಯನ್ನು ಕೇಳಿದ: “ನಿನ್ನ ತಮ್ಮ ಈಗ ಎಲ್ಲಿದಾನೆ?”

ಎಷ್ಟೋ ದಿನದ ಮೇಲೆ ಅವಳು ಬಾಯಿ ತೆರೆದಳು. “ಆ ಕಂಬಾನೇ ಕೇಳಿ. ಅದಕ್ಕೆಲ್ಲ ಗೊತ್ತಲ್ಲ.”

ಬೀದಿ ಬೀದಿ ಅಲೆದು, ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಮಷೀನಿನ ಸದ್ದು ಹಿಡಿದು ಮೈದುನನನ್ನು ಪತ್ತೆ ಮಾಡಿದ. ಕಂಕುಳಲ್ಲಿ ಪಾರಿವಾಳದ ಬುಟ್ಟಿ. ಮೈದುನ ತಲೆ ಎತ್ತಲಿಲ್ಲ.

“ನಾನಿಲ್ಲಿದೀನಿ ಅಂತ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಹುಡುಕ್ಕೊಂಡು ಬಂದೆ.”

“ನಂಬಬೇಕಾ?”

ಕಾವಲುಗಾರ ಬುಟ್ಟಿ ಕೆಳಗಿಟ್ಟ. “ಇವಕ್ಕೆ ಅಲ್ಲಿ ಜಾಗ ಇಲ್ವಂತೆ.”

“ನನಗೂ ಇರ್ಲಿಲ್ಲ.”

ಮಷೀನು ಒಂದು ಇಡೀ ತೋಳು ಹೊಲಿದು ಮುಗಿಸುವವರೆಗೆ ಅವನು ನಿಂತೇ ಇದ್ದ. ಆಮೇಲೆ “ತಪ್ಪಾಯ್ತು ಕಣೋ” ಎಂದ. ಹಲ್ಲು ಕಿತ್ತಷ್ಟು ಕಷ್ಟವಾಯಿತು.

ಮೈದುನ ದಾರ ಕಡಿದ. “ಹಿತ್ತಲಲ್ಲಿ ಬಿಟ್ಟು ಹೋಗಿ. ಹಕ್ಕಿ ಏನು ಮಾಡಿದ್ವು ಪಾಪ. ಆದ್ರೆ ಆ ಕಟ್ಟಡಕ್ಕೆ ಮಾತ್ರ ನನ್ನ ಕರೀಬೇಡಿ.”

ಈಗ ಅವನು ದಿನಾ ಸಂಜೆ ಕಾಳು ಹಿಡಿದು ಆ ಗಲ್ಲಿಗೆ ಹೋಗುತ್ತಾನೆ. ಮೊದಲ ಸಂಜೆ ಒಂದು ಹಕ್ಕಿಯನ್ನು ಎತ್ತಿ, ಕೊರಳ ಬುಡದಲ್ಲಿ ಕಾಳು ತುಂಬಿದೆಯೋ ಇಲ್ಲವೋ ಎಂದು ಬೆರಳಲ್ಲಿ ಒತ್ತಿ ನೋಡಿದ. ತುಂಬಿತ್ತು.

“ಸರಿಯಾಗಿ ಹಾಕಿದೀನಾ?” ಬೆನ್ನ ಹಿಂದೆ ಮೈದುನ ನಿಂತಿದ್ದ.

“ನಾನೇನೂ ಕೇಳ್ಲಿಲ್ವಲ್ಲೋ.”

“ಕೇಳ್ಲಿಲ್ಲ. ಮುಟ್ಟಿ ನೋಡಿದ್ರಿ.”

ಅವನು ಹಕ್ಕಿಯನ್ನು ಕೆಳಗೆ ಬಿಟ್ಟು ಕೈ ಒರೆಸಿಕೊಂಡ. ಮೈದುನ ಗಲ್ಲಿಯ ತುದಿಗೆ ಕೂಗಿ ಚಹಾ ಹೇಳಿದ. ಭಾವ ಎನ್ನುವ ಮಾತು ಇನ್ನೂ ಅವನ ಬಾಯಿಗೆ ಬಂದಿರಲಿಲ್ಲ. ಚಹಾ ಬಂತು. ಎರಡು ಲೋಟ.