ಹಸು ಮಾರಲು ಬಿಡದ ದಲ್ಲಾಳಿ

ಅವರ ಬಲಗೈಯ ಕಿರುಬೆರಳು ಕೊಕ್ಕೆಯಂತೆ ಒಳಕ್ಕೆ ಬಗ್ಗಿತ್ತು. ಯಾವುದೋ ಹಸು ಒದ್ದದ್ದಂತೆ. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದನದ ಬೆಲೆ ಮಾತಾಡುವಾಗ ಆ ಬೆರಳು ಸಿಕ್ಕಿದವರಿಗೆಲ್ಲ ಲೆಕ್ಕ ತಪ್ಪುತ್ತಿತ್ತು. "ಅದುನ್ನ ಎಣಿಸ್ಬೇಡ್ರಪ್ಪ, ಅದು ರಜದಲ್ಲೈತೆ" ಅನ್ನುತ್ತಿದ್ದರು. ಸುತ್ತಲಿದ್ದವರು ನಗುತ್ತಿದ್ದರು, ಅವರು ಮಾತ್ರ ನಗುತ್ತಿರಲಿಲ್ಲ.

ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದು, ಅದು ಮುಚ್ಚಿದ ಮೇಲೆ ದಲ್ಲಾಳಿಯಾದವರು. ಉರಿಗಾಂನಲ್ಲಿ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ಒಬ್ಬರೇ ಇದ್ದರು. ಬಂಗಾರಪೇಟೆ ಪಕ್ಕದ ನಮ್ಮೂರಿಗೆ ಬಂದಾಗೆಲ್ಲ ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಯಜಮಾನರಿದ್ದ ಕಾಲದಿಂದಲೂ ನಮ್ಮ ಕೊಟ್ಟಿಗೆಗೆ ಬಂದ ಹಸು, ಹೋದ ಹಸು ಎಲ್ಲ ಅವರ ಕೈಮೇಲೆಯೇ. ಹಸುವಿನ ಜೊತೆ ತಮಿಳು, ನನ್ನ ಜೊತೆ ಕನ್ನಡ, ಬೈಯುವುದಿದ್ದರೆ ತೆಲುಗು.

ನನ್ನ ಮಗಳ ಮಗಳು ನನ್ನ ಜೊತೆಯಲ್ಲೇ ಇದ್ದು ಬಿ.ಕಾಂ. ಮುಗಿಸಿದಳು. ಆಮೇಲೆ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸು ಸೇರುತ್ತೇನೆ ಅಂದಳು. ಫೋನಿನಲ್ಲಿ ಜಾಹೀರಾತು ಹಾಕಿ ಸಾಮಾನು ಮಾರುವುದನ್ನು ಕಲಿಸುತ್ತಾರಂತೆ, ಸರ್ಟಿಫಿಕೇಟ್ ಕೊಡುತ್ತಾರಂತೆ. ಫೀಸು ಕೇಳಿದರೆ ಸರಿಯಾಗಿ ನಮ್ಮ ಹಸುವಿನ ಬೆಲೆ. ಇದ್ದದ್ದು ಅದೊಂದೇ ಹಸು, ಮನೆ ನಡೆಯುತ್ತಿದ್ದದ್ದೇ ಅದರ ಹಾಲಿನಿಂದ. ಮಗು ಬಾಯಿಬಿಟ್ಟು ಕೇಳಿದ್ದಾಳಲ್ಲ ಅಂತ ದಲ್ಲಾಳಿಗೆ ಹೇಳಿ ಕಳಿಸಿದೆ.

ಬಂದವರು ಹಸುವಿನ ಕಡೆ ತಿರುಗಲಿಲ್ಲ. ಕಾಫಿ ಕುಡಿಯುತ್ತಾ ಕೋರ್ಸಿನ ವಿಚಾರ ಕೇಳಿದರು. ಮೊಮ್ಮಗಳು ಫೋನಿನಲ್ಲಿ, ಕಲಿತು ಕೆಲಸಕ್ಕೆ ಸೇರಿದವರ ಫೋಟೋ, ಅವರ ಮೊದಲ ತಿಂಗಳ ಸಂಬಳ ತೋರಿಸಿದಳು. ಅವರು ಬಹಳ ಹೊತ್ತು ನೋಡಿದರು.

"ಇದು ಸಂಜೆ ಆಲು ಕಣಮ್ಮ" ಅಂದರು.

ನನಗೆ ಅರ್ಥವಾಯಿತು. ಕೆಲವರು ಹಸು ಮಾರುವ ದಿನ ಬೆಳಿಗ್ಗೆ ಹಾಲು ಕರೆಯದೆ ಬಿಟ್ಟಿರುತ್ತಾರೆ. ಸಂಜೆ ಕೆಚ್ಚಲು ಊದಿಕೊಂಡು ತಂಬಿಗೆ ತುಂಬುತ್ತದೆ. ಅದಕ್ಕೇ ತಿಳಿದವರು ಆ ರಾತ್ರಿ ಅಲ್ಲೇ ಮಲಗಿ, ಮಾರನೆಯ ಬೆಳಗಿನ ಹಾಲನ್ನೂ ಕರೆದು ನೋಡಿಯೇ ದುಡ್ಡು ಕೊಡುವುದು.

"ಎರಡು ವರ್ಸದ ಇಂದೆ ಕಲ್ತೋರು ಈಗೇನ್ ದುಡೀತಾವ್ರೆ, ಕೇಳ್ಕಂಡ್ ಬತ್ತೀನಿ. ಅಲ್ಲೀಗಂಟ ಅಸ ಗೂಟದಲ್ಲೇ ಇರ್ಲಿ."

ಮೊಮ್ಮಗಳಿಗೆ ಸಿಟ್ಟು ಬಂತು. "ಕೋರ್ಸು ಅಂದ್ರೆ ಹಸು ಅಲ್ಲ ತಾತ."

"ಅಲ್ಲ ಬಿಡು. ಅಸ ಆದ್ರೆ ಇಷ್ಟ ಇಲ್ಲ ಅಂದ್ರೆ ಒದ್ದಾದ್ರೂ ತಿಳಿಸ್ತದೆ."

ಮುಖ ಊದಿಸಿಕೊಂಡಿದ್ದ ಅವಳನ್ನೇ ಕರೆದುಕೊಂಡು ಸೆಂಟರಿಗೆ ಹೋದರು. ಅಲ್ಲಿನವರು ಮರ್ಯಾದೆಯಿಂದಲೇ ಹಳೆಯ ವಿದ್ಯಾರ್ಥಿಗಳ ವಿವರ ಹೇಳಿದರಂತೆ. ನಂದಿದುರ್ಗ ಗಣಿಯ ಲೈನಿನಲ್ಲಿ ಒಬ್ಬ ಹುಡುಗಿ, ಚಾಂಪಿಯನ್ ರೀಫ್ಸ್ ಗಣಿಯ ಲೈನಿನಲ್ಲಿ ಒಬ್ಬ ಹುಡುಗ ಸಿಕ್ಕರು. ಇಬ್ಬರೂ ಬೇರೆ ಊರಲ್ಲಿ ಕೆಲಸದಲ್ಲಿದ್ದು ರಜಕ್ಕೆ ಮನೆಗೆ ಬಂದಿದ್ದರು. ಹುಡುಗಿ ಮೊಮ್ಮಗಳು ಕೇಳಿದ್ದ ದೊಡ್ಡ ಕೋರ್ಸನ್ನೇ ಮಾಡಿದ್ದಳು. ಹುಡುಗ ಅದೇ ಸೆಂಟರಿನ ಸಣ್ಣ ಕೋರ್ಸು ಮಾಡಿದ್ದ, ಅದರ ಫೀಸು ಒಂದು ಕರುವಿನ ಬೆಲೆ. ಈಗ ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ. ರೂಮಿನ ಬಾಡಿಗೆ, ಊಟ ಕಳೆದು ಹುಡುಗನ ಕೈಯಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಹುಡುಗಿಯದು ಇನ್ನೂ ಫೀಸಿನ ಸಾಲಕ್ಕೇ ಹೋಗುತ್ತಿತ್ತು. ಕೆಲಸ ಕೊಡುವವರು ಸರ್ಟಿಫಿಕೇಟನ್ನು ಒಂದು ಸಲ ನೋಡಿ, ಏನು ಮಾಡಿದ್ದೀಯ ತೋರಿಸು ಅಂತಾರೆ ಅಂದಳಂತೆ ಆ ಹುಡುಗಿ.

ವಾಪಸು ಬರುವಾಗ ಮೊಮ್ಮಗಳ ಮುಖ ಇಳಿದಿತ್ತು, ಸಿಟ್ಟಿರಲಿಲ್ಲ. ಸಣ್ಣ ಕೋರ್ಸಿಗೇ ಸೇರಿದಳು. ಫೀಸನ್ನು ಹಾಲಿನ ದುಡ್ಡಿನಲ್ಲೇ ಕಂತು ಕಂತಾಗಿ ಕಟ್ಟಿದೆವು. ಕಲಿಯುತ್ತಲೇ ನಮ್ಮೂರ ನರ್ಸರಿಯವರ ಟೊಮೆಟೊ ಸಸಿಗಳಿಗೆ ಫೋನಿನಲ್ಲಿ ಜಾಹೀರಾತು ಮಾಡಿಕೊಟ್ಟಳು. ಮುಳಬಾಗಿಲಿನವರೆಗೂ ಸಸಿ ಹೋದವು.

ಕಮಿಷನ್ ಹೋಯಿತಲ್ಲ ನಿಮಗೆ, ಓಡಾಡಿದ್ದೂ ದಂಡ ಅಂತ ನಾನಂದಾಗ ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಓಗ್ಲಿ ಬಿಡಕ್ಕ. ಅಸ ಓಗ್ಬುಟ್ರೆ ನಾನ್ ಏನ್ ನೆಪ ಏಳ್ಕಂಡು ಇಲ್ಲಿಗ್ ಬರ್ಲಿ?"

ನಾನು ಇನ್ನೊಂದು ಲೋಟ ಕಾಫಿ ತಂದು ಇಟ್ಟೆ.

ಆ ಸಸಿಗಳ ಜಾಹೀರಾತನ್ನೇ ತೋರಿಸಿ ಮೊಮ್ಮಗಳು ಹೊಸೂರಿನ ಡ್ರಿಪ್ ಪೈಪಿನ ಕಂಪನಿಗೆ ಸೇರಿದಳು. ಅವಳು ಹೋದ ಮೇಲೆ ಮನೆಯಲ್ಲಿ ಮಾತಿಲ್ಲ. ಸಂಜೆ ಹೊತ್ತು ಹಸುವಿನ ಹತ್ತಿರವೇ ಕೂತಿರುತ್ತೇನೆ. ದಲ್ಲಾಳಿಯೂ ಬರುವುದು ಕಡಿಮೆಯಾಯಿತು. ಮಂಡಿನೋವು ಅನ್ನುತ್ತಿದ್ದರು.

ಮೊನ್ನೆ ಮೊಮ್ಮಗಳ ಫೋನು ಬಂತು. ಕೆಲಸ ಕಾಯಂ ಆಯಿತಂತೆ, ಸಂಬಳವೂ ಏರಿತಂತೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊಟ್ಟಿಗೆಗೆ ಹೋದೆ, ಬೀದಿಗೆ ಬಂದೆ, ಮತ್ತೆ ಒಳಗೆ ಹೋದೆ. ಕೊನೆಗೆ ಮೈಸೂರುಪಾಕಿನ ಡಬ್ಬಿ ಹಿಡಿದು ಉರಿಗಾಂ ಬಸ್ಸು ಹತ್ತಿದೆ.

ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು, ಯುಗಾದಿ ಆದಮೇಲೆ ತೀರಿಕೊಂಡರು, ಲೈನಿನವರೇ ಸೇರಿ ಮಣ್ಣು ಮಾಡಿದೆವು ಅಂದಳು. ಯಾರಿಗೆ ತಿಳಿಸಬೇಕೋ ಗೊತ್ತಾಗಲಿಲ್ಲವಂತೆ.

ನಾನು ಡಬ್ಬಿ ಹಿಡಿದು ನಿಂತೇ ಇದ್ದೆ. ಅಳು ಬರುತ್ತಿತ್ತು, ಆದರೆ ಬಾಯಲ್ಲಿ ಬಂದದ್ದು ಬೇರೆ. ನನ್ನ ಮೊಮ್ಮಗಳಿಗೆ ಕೆಲಸ ಕಾಯಂ ಆಯಿತು ಅಂದುಬಿಟ್ಟೆ. ಆ ಹೆಂಗಸಿಗೆ ನಾನ್ಯಾರು, ಮೊಮ್ಮಗಳ್ಯಾರು, ಒಂದೂ ಗೊತ್ತಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿದಳು. ಕೈ ಹಿಡಿದು ತನ್ನ ಮೆಟ್ಟಿಲ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

"ಸೊಲ್ಲುಂಗಮ್ಮಾ, ಹೇಳಿ" ಅಂದಳು.

ನಾನು ಮೊದಲಿನಿಂದ ಹೇಳಿದೆ.