ಅಂಬಲಿ ಕುಡಿದು ಕ್ಯಾಮೆರಾ ಪರೀಕ್ಷೆಗೆ ಹೋದದ್ದು

ಹನಗೋಡಿನ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಬೀಗ ತೆಗೆದು ಪೇಪರ್ ಹರಡುವುದು ಕೆಲಸ. ಅದರಲ್ಲಿರುವ ಆರೋಗ್ಯದ ಅಂಕಣವನ್ನು ಎಲ್ಲರಿಗಿಂತ ಮೊದಲು ಓದಿ ಹೆದರುವುದು ಅಭ್ಯಾಸ. ಥೈರಾಯ್ಡ್ ನನಗೆ ಬಂದು ಹೋಗಿದೆ. ಹೃದಯದ ಕವಾಟ ಆಗಾಗ ಕೆಡುತ್ತದೆ. ಬಾಣಂತಿಯರ ಸಮಸ್ಯೆಗಳನ್ನು ಮಾತ್ರ ಬೇರೆಯವರಿಗೆ ಬಿಟ್ಟಿದ್ದೇನೆ.

"ಪೇಪರಲ್ಲಿರೋ ಕಾಯ್ಲೆನೆಲ್ಲ ನೀವೇ ಮಡಿಕಂಡ್ರೆ ಊರ್ನೋರಿಗೆ ಏನ್ ಉಳಿಸ್ತೀರಿ?" ಎನ್ನುತ್ತಾಳೆ ನನ್ನ ಹೆಂಡತಿ.

ಆದರೆ ಒಂದು ಕಾಯಿಲೆಯ ಸುದ್ದಿ ಬಂದರೆ ಪುಟ ತಿರುಗಿಸಿಬಿಡುತ್ತಿದ್ದೆ. ದೊಡ್ಡ ಕರುಳಿನದ್ದು. ನಿಜವಾಗಿ ಹೆದರಿದ್ದು ಅದೊಂದಕ್ಕೇ.

ನಮ್ಮದು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪು ಬೇಯಿಸುವ ಕಾಲದಲ್ಲಿ ಸೌದೆ ಉರಿಸಿ ಸೊಪ್ಪು ಹದ ಮಾಡುವ ಬ್ಯಾರನ್ ಗೂಡು ಬಿಟ್ಟು ಅಪ್ಪ ಅಲ್ಲಾಡುತ್ತಿರಲಿಲ್ಲ. ಬೆಂಕಿ ಜಾಸ್ತಿಯಾದರೆ ಸೊಪ್ಪು ಕಪ್ಪಾಗುತ್ತದೆ, ಕಮ್ಮಿಯಾದರೆ ಹಸಿ ಉಳಿಯುತ್ತದೆ. ಅಂಥ ಒಂದು ಕಾಲದಲ್ಲೇ ಅವನಿಗೆ ಬಯಲಿಗೆ ಹೋದಾಗ ರಕ್ತ ಹೋಗಲು ಶುರುವಾಯಿತು. "ಬ್ಯಾರನ್ ಮುಂದೆ ಕುಂತೋನ್ಗೆ ಉಷ್ಣ ಆಗ್ದೆ ಇನ್ನೇನಾದದು?" ಎಂದ. ನಾವೂ ಹಾಗೇ ಎಂದೆವು. ಅಣ್ಣ ನೆತ್ತಿಗೆ ಹರಳೆಣ್ಣೆ ತಟ್ಟಿದ, ಅವ್ವ ಮಜ್ಜಿಗೆ ಕೊಟ್ಟಳು. ಸೊಪ್ಪೆಲ್ಲ ಮಾರಿದ ಮೇಲೂ ಉಷ್ಣ ಇಳಿಯಲಿಲ್ಲ. ಪಂಚೆ ಸೊಂಟದಲ್ಲಿ ನಿಲ್ಲದ ಹಾಗಾದಾಗ ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ನಮ್ಮನ್ನು ಹೊರಗೆ ಕರೆದು ಮಾತಾಡಿದರು. ಮುಂದಿನ ಬೆಳೆಯ ಹೊತ್ತಿಗೆ ಬ್ಯಾರನ್ ಮುಂದೆ ಅಣ್ಣ ಕೂತಿದ್ದ.

ಹೀಗಿರುವಾಗ ನಮ್ಮ ಊರಿನ ಆಶಾ ಕಾರ್ಯಕರ್ತೆ ಒಂದು ದಿನ ಲೈಬ್ರರಿಗೆ ಬಂದು ಮೇಜಿನ ಮೇಲೆ ಬೆರಳುದ್ದದ ಡಬ್ಬಿಯೊಂದನ್ನಿಟ್ಟಳು. ವಿಮೆ ಇಲ್ಲದವರಿಗೆ, ಕಾಸಿಲ್ಲದವರಿಗೆ ಸರ್ಕಾರದ ಕಡೆಯಿಂದ ಕರುಳಿನ ಕ್ಯಾನ್ಸರ್ ಪರೀಕ್ಷೆಯಂತೆ. ನಲವತ್ತೈದು ದಾಟಿದವರಿಗೆಲ್ಲ ಪುಕ್ಕಟೆ. ನನ್ನಲ್ಲಿ ಈ ಮೂರು ಅರ್ಹತೆಗಳೂ ಧಾರಾಳವಾಗಿದ್ದವು.

"ಇದ್ರಲ್ಲೊಂದು ಕಡ್ಡಿ ಅದೆ ಸಾ. ಬೆಳಿಗ್ಗೆ ಕುಂತಾಗ ಅದ್ದಿ, ಡಬ್ಬಿಗಾಕಿ ಮುಚ್ಬುಡಿ. ನಾಳೆ ಬತ್ತೀನಿ."

"ಯಾತುಕ್ಕೆ ಅದ್ದೋದಮ್ಮ?"

"ನೀವೇ ಲೈಬ್ರರಿ ನೋಡೋರು, ನನ್ ಬಾಯಲ್ಲಿ ಏಳಿಸ್ತೀರಲ್ಲ ಸಾ" ಎಂದು ನಗುತ್ತಾ ಹೋದಳು.

ಡಬ್ಬಿ ಜೇಬಿನಲ್ಲಿದ್ದಷ್ಟು ಹೊತ್ತೂ ಅದು ಮೈಗೆ ತಾಗುತ್ತಲೇ ಇತ್ತು. ಅವಳು ಕೇಳಿದಾಗಲೆಲ್ಲ "ನಾಳೆ" ಎಂದೆ. ಕೊನೆಗೆ ಹೆಂಡತಿಯೇ ಡಬ್ಬಿ ತಂದು ಬಚ್ಚಲ ಬಾಗಿಲ ಮುಂದೆ ಇಟ್ಟು, "ಇಲ್ದಿರೋ ಕಾಯ್ಲೆಗೆಲ್ಲ ಔಷ್ದಿ ಉಡುಕ್ತೀರಿ, ಇದ್ಯಾಕೆ ಬ್ಯಾಡ?" ಎಂದಳು. ಇದು ಇದ್ದರೂ ಇರಬಹುದು, ಅದಕ್ಕೇ ಬೇಡ ಎಂದು ಹೇಳಲಾಗಲಿಲ್ಲ. ಕೊಟ್ಟೆ.

ಪರೀಕ್ಷೆಯ ಉತ್ತರ ತಂದ ದಿನ ಆಶಾ ಕಾರ್ಯಕರ್ತೆ ನಗಲಿಲ್ಲ. "ಕಣ್ಣಿಗೆ ಕಾಣ್ದಿರೋ ರಕ್ತ ಅದೆಯಂತೆ ಸಾ. ಕ್ಯಾನ್ಸರೇ ಅಂತಲ್ಲ, ಗಾಬ್ರಿಯಾಗ್ಬೇಡಿ. ಮೈಸೂರಲ್ಲಿ ಕ್ಯಾಮೆರಾ ಬುಟ್ಟು ನೋಡ್ತಾರೆ, ಅದೂ ಫ್ರೀ." ಅವಳು ಹೋದ ಮೇಲೆ ಅಪ್ಪನ ಪಂಚೆ ಕಣ್ಣಮುಂದೆ ಬಂತು. ಎದ್ದು ನಿಂತು ನನ್ನ ಬೆಲ್ಟಿನ ತೂತು ನೋಡಿಕೊಂಡೆ. ಹಿಂದಿನದೇ ತೂತು. ಆದರೂ ಸಡಿಲವಾಗಿದೆ ಅನ್ನಿಸಿತು.

ದಿನ ಗೊತ್ತುಮಾಡಲು ಮೈಸೂರಿಗೆ ಹೋದಾಗ ಆಸ್ಪತ್ರೆಯ ನರ್ಸ್ ಕರುಳು ತೊಳೆಯುವ ಪುಡಿ ಕೊಟ್ಟು ಸ್ಪಷ್ಟವಾಗಿಯೇ ಹೇಳಿದ್ದರು: "ಹಿಂದಿನ ದಿನದಿಂದ ಊಟ, ತಿಂಡಿ ಏನೂ ಇಲ್ಲ. ನೀರು ನೀರಾಗಿರೋದು ಮಾತ್ರ." ನಮ್ಮ ಮನೆಯಲ್ಲಿ ಊಟ ಎಂದರೆ ಮುದ್ದೆ. ಮುದ್ದೆ ಇಳಿಯದಿದ್ದರೆ ಅವತ್ತು ಉಂಡಿಲ್ಲ ಎಂದೇ ಲೆಕ್ಕ. ಜ್ವರ ಬಂದವರಿಗೆ, ಉಪವಾಸ ಇದ್ದವರಿಗೆ ರಾಗಿ ಅಂಬಲಿ ಕೊಡುತ್ತೇವೆ. ಅದನ್ನು ಯಾರೂ ಆಹಾರದ ಸಾಲಿಗೆ ಸೇರಿಸುವುದಿಲ್ಲ. ಪುಡಿಯ ನೀರು ಕುಡಿದು ಬಚ್ಚಲಿಗೂ ಹಾಸಿಗೆಗೂ ಓಡಾಡಿ ಬೆಳಗಾಗುವಷ್ಟರಲ್ಲಿ ಬತ್ತಿಹೋಗಿದ್ದೆ. ಹೆಂಡತಿ ಚೊಂಬು ಹಿಡಿದು ನಿಂತಿದ್ದಳು.

"ಬಸ್ಸಲ್ಲಿ ತಲೆ ತಿರುಗಿ ಬಿದ್ಗಿದ್ರೆ ಏನ್ ಗತಿ? ನೀರ್ ನೀರಾಗೇ ಮಾಡೀನಿ, ಮಜ್ಗೆನೂ ಹುಯ್ದೀನಿ. ಕುಡೀರಿ."

ಕುಡಿದೆ. ಇನ್ನೊಂದು ಲೋಟವನ್ನೂ ಕೇಳಿ ಕುಡಿದೆ. ಹುಣಸೂರಿನಲ್ಲಿ ಬಸ್ ಬದಲಾಯಿಸಿದೆವು. ಬಿಳಿಕೆರೆ ಬರುವಷ್ಟರಲ್ಲಿ ಹೊಟ್ಟೆ ಗುಡುಗಿತು. ನಾನು ಎದ್ದು ಬಾಗಿಲಿಗೆ ಓಡಿದೆ.

"ಯಜಮಾನ್ರೇ, ಟಿಕೆಟ್ ಮೈಸೂರ್ಗಂಟ ಅದೆ!" ಎಂದು ಕಂಡಕ್ಟರ್ ಕೂಗಿದ.

"ಅವ್ರದ್ದು ಇಲ್ಲೀಗಂಟ ಕಣಪ್ಪ" ಎಂದು ಹೆಂಡತಿ ಬ್ಯಾಗ್ ಎತ್ತಿಕೊಂಡು ಇಳಿದಳು.

ಆಸ್ಪತ್ರೆಯಲ್ಲಿ ನನ್ನ ವಯಸ್ಸಿನ ಅರ್ಧ ಇರಬಹುದಾದ ಡಾಕ್ಟರಮ್ಮ. "ಏನೂ ತಿಂದಿಲ್ಲ ತಾನೇ?" "ಇಲ್ಲ ಮೇಡಂ," ಎಂದೆ, ಕಲ್ಮಶವಿಲ್ಲದ ಮನಸ್ಸಿನಿಂದ. ಗೋಡೆಯ ಕಡೆ ಮುಖ ಮಾಡಿಸಿ ಮಲಗಿಸಿದರು. ಕ್ಯಾಮೆರಾ ಒಳಗೆ ಹೋಗಿ ಸ್ವಲ್ಪ ಹೊತ್ತಿಗೇ ನಿಂತಿತು. ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ಪರಿಚಿತ. ಅಪ್ಪನ ಡಾಕ್ಟರು ನಮ್ಮನ್ನು ಹೊರಗೆ ಕರೆಯುವ ಮೊದಲು ಇದ್ದದ್ದು ಇದೇ ಮೌನ. ಮುಗಿಯಿತು ಅಂದುಕೊಂಡೆ. ಲೈಬ್ರರಿಯ ಬೀಗದ ಕೈ ಯಾರಿಗೆ ಕೊಡುವುದು ಎಂಬಲ್ಲಿಗೆ ಬಂದಿದ್ದೆ.

"ಏನ್ರೀ ಇದು, ಎಲ್ಲಾ ಕಂದು ಬಣ್ಣ, ಕರುಳಿನ ಗೋಡೆನೇ ಕಾಣ್ತಿಲ್ಲ. ನಿಜ ಹೇಳಿ, ಏನು ತಿಂದ್ರಿ?"

"ತಿಂದಿಲ್ಲ ಮೇಡಂ. ಅಂಬಲಿ ಕುಡ್ದೆ."

ಅವರು ನರ್ಸ್ ಕಡೆ ನೋಡಿದರು. "ಇನ್ಮೇಲೆ ಇವರ ಕಡೆಯವರಿಗೆಲ್ಲ ಅಂಬಲಿನೂ ಇಲ್ಲ ಅಂತ ಬಿಡಿಸಿ ಹೇಳಿ" ಎಂದು ಮುಂದಿನ ವಾರ ಬರಲು ಹೇಳಿದರು.

ಹೆದರುವವನಿಗೆ ಒಂದು ವಾರ ಜಾಸ್ತಿ ಕೊಡುವುದೆಂದರೇನು ಎಂದು ಆ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಊಟ ಸೇರಲಿಲ್ಲ, ಸೇರದ್ದು ಕಾಯಿಲೆಯ ಲಕ್ಷಣವೆಂದು ಇನ್ನಷ್ಟು ಸೇರಲಿಲ್ಲ. ಹೆಂಡತಿ ಚುಚ್ಚುಮಾತು ನಿಲ್ಲಿಸಿದ್ದಳು. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಎರಡನೇ ಸಲ ಹೊರಟಾಗ ಅವಳು ಬರೀ ನೀರಿನ ಬಾಟಲಿ ಹಿಡಿದು, ಅದನ್ನೂ ಬೆಳಕಿಗೆ ಎತ್ತಿ ನೋಡಿ ಬ್ಯಾಗಿಗೆ ಹಾಕಿದಳು.

ಈ ಸಲ ಕ್ಯಾಮೆರಾ ಬಹಳ ಹೊತ್ತು ಒಳಗಿತ್ತು. ಒಂದು ಕಡೆ ನಿಂತಿತು. "ಸಣ್ಣ ಗಂಟೊಂದಿದೆ, ತೆಗೀತಿದ್ದೀವಿ, ಅಲ್ಲಾಡಬೇಡಿ" ಎಂದರು. ಅಲ್ಲಾಡುವ ಶಕ್ತಿ ಯಾರಿಗಿತ್ತು? ಗಂಟು ಲ್ಯಾಬಿಗೆ ಹೋಯಿತು. ಉತ್ತರ ಬರುವವರೆಗೆ ಲೈಬ್ರರಿಯಲ್ಲಿ ನಾನು ಪೇಪರನ್ನು ಮಡಿಕೆ ಬಿಚ್ಚದೆಯೇ ಇಡುತ್ತಿದ್ದೆ.

ಫಲಿತಾಂಶದ ದಿನ ಡಾಕ್ಟರಮ್ಮ ಹೊರಗೆ ಯಾರನ್ನೂ ಕರೆಯಲಿಲ್ಲ. ನಮ್ಮಿಬ್ಬರನ್ನೂ ಒಳಗೇ ಕೂರಿಸಿದರು. "ಇದಿನ್ನೂ ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ರೆ ಆಗ್ತಿತ್ತೋ ಏನೋ. ಪೂರ್ತಿ ತೆಗೆದಾಗಿದೆ." ನನ್ನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. 

"ತಂದೆಗೆ ಇತ್ತು ಅಂದ್ರಲ್ಲ, ಒಡಹುಟ್ಟಿದೋರು ಯಾರಿದ್ದಾರೆ? ಅವರೂ ತೋರಿಸ್ಕೋಬೇಕು" ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಅಣ್ಣನಿಗೆ ಫೋನ್ ಮಾಡಿದೆ. ಸೊಪ್ಪು ಬೇಯಿಸುವ ಕಾಲ. ಹಿಂದೆ ಸೌದೆ ಎಸೆಯುವ ಸದ್ದು ಕೇಳುತ್ತಿತ್ತು. ಎಲ್ಲ ಹೇಳಿದೆ. ಅಂಬಲಿಯ ವಿಷಯಕ್ಕೆ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ನಗುತ್ತಲೇ ಅಂದ:

"ರಕ್ತ ಓಯ್ತು ಅಂತ ಇಷ್ಟೆಲ್ಲ ಮಾಡ್ಕಂಡೇನ್ಲಾ? ಬ್ಯಾರನ್ ಟೈಮಲ್ಲಿ ನಂಗೂ ಓಯ್ತದೆ. ಉಷ್ಣ ಕಣ್ಲಾ. ಹರಳೆಣ್ಣೆ ತಟ್ಕಂಡ್ರೆ ನಿಲ್ತದೆ ಬುಡು."



"ಅಣ್ಣ, ನೀನಲ್ಲೇ ಇರು. ಎಣ್ಣೆ ಗಿಣ್ಣೆ ಮುಟ್ಬೇಡ" ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ಪಿರಿಯಾಪಟ್ಟಣದ ಬಸ್ ಎಲ್ಲಿ ನಿಲ್ಲುತ್ತದೆಂದು ಗೇಟಿನವನನ್ನು ಕೇಳಲು ಮುಂದೆ ನಡೆದಳು.