ಕಂಬಳಿ ಮರೆತದ್ದು ಅತ್ತೆಯಲ್ಲ

ಸುಳ್ಳು ಹೇಳಿದ್ದು ನಾನು. ನನ್ನ ಅತ್ತೆ ಮಾಳವ್ವ ತಮ್ಮ ಕಂಬಳಿಯನ್ನು ತಾಂಡೂರಿನ ಮನೆಯಲ್ಲೇ ಮರೆತು ವಿಶಾಖಪಟ್ಟಣಕ್ಕೆ ಸಮುದ್ರ ನೋಡಲು ಬಂದರೆಂದು ಮೂರು ವರ್ಷದಿಂದ ಎಲ್ಲರೂ ನಂಬಿದ್ದಾರೆ. ಅವರು ಮರೆತಿರಲಿಲ್ಲ. ಕೈಯಾರೆ ಚೀಲದ ತಳದಲ್ಲಿ ಇಟ್ಟಿದ್ದರು. ಅದನ್ನು ತೆಗೆದವಳು ನಾನು — ತೆಗೆದು, ಅವರೇ ಮರೆತರು ಎಂದವಳೂ ನಾನೇ.

ಮೊದಲು ನನ್ನ ಹೆಮ್ಮೆಯ ಮಾತು ಹೇಳಿಬಿಡುತ್ತೇನೆ. ಅದಿಲ್ಲದೆ ಈ ತಪ್ಪು ಅರ್ಥವಾಗುವುದಿಲ್ಲ. ಪ್ರಯಾಣದ ಚೀಲ ಕಟ್ಟುವುದರಲ್ಲಿ ನನಗೆ ಸಮ ಯಾರೂ ಇಲ್ಲ. ಇದು ಜಂಬವಲ್ಲ — ಜಂಬವೇ ಅನ್ನಿ, ಪರವಾಗಿಲ್ಲ. ನಮ್ಮಪ್ಪ ಕುರಿ ಮಾರಿ ಜಹೀರಾಬಾದಿನಲ್ಲಿ ಸೀರೆ ಅಂಗಡಿ ಇಟ್ಟವರು. ಗಿರಾಕಿಗಳು ಬಿಚ್ಚಿಸಿ ಹೋದ ಸೀರೆಗಳನ್ನು ಮತ್ತೆ ಅದೇ ಗೆರೆಗೆ ಮಡಿಸುತ್ತ ಬೆಳೆದವಳು ನಾನು. ಆ ದಸರಾ ರಜೆಗೆ ನಾಲ್ಕು ಮನೆಯವರು ಕೂಡಿ ಸಮುದ್ರದೂರಿಗೆ ಹೋಗುವುದೆಂದು ಗೊತ್ತಾದ ಕೂಡಲೇ, ನಮ್ಮ ಯಜಮಾನರ ಜೊತೆ ಕೆಲಸ ಮಾಡುವ ಮಾಸ್ತರರ ಹೆಂಡತಿಯರು ಮೂವರೂ ನನ್ನ ಬಳಿಗೇ ಬಂದರು. ಅಲ್ಲಿ ಬಿಸಿಲಿಗಿಂತ ಬೆವರಿನ ಕಾಟ ಹೆಚ್ಚು, ರೇಷ್ಮೆ ಬೇಡ, ಹಳೆಯ ಹತ್ತಿ ಸೀರೆ ತನ್ನಿ, ಒದ್ದೆ ಬಟ್ಟೆಗೆ ಬೇರೆ ಚೀಲ ಇರಲಿ, ಮೆತ್ತನೆ ರೊಟ್ಟಿಗೆ ಬೂಷ್ಟು ಹಿಡಿಯುತ್ತದೆ, ಒಣಗಿಸಿದ ಕಟಕ್ ರೊಟ್ಟಿಯೇ ಒಯ್ಯಿರಿ — ಹೀಗೆ ಅಪ್ಪಣೆ ಕೊಡಿಸಿದೆ. ನಾನಾದರೂ ಸಮುದ್ರ ಕಂಡವಳೇ? ಮೊಬೈಲಿನಲ್ಲಿ ಕಂಡದ್ದು!

ಹೊರಡುವ ದಿನ ಬೆಳಿಗ್ಗೆ ಅತ್ತೆ ಆ ಕಂಬಳಿ ತಂದರು. ಮಾವನದು, ತೀರಿಹೋಗುವವರೆಗೂ ಅವರ ಹೆಗಲ ಮೇಲಿದ್ದದ್ದು. ತಮ್ಮ ಕುರಿಗಳ ಉಣ್ಣೆಯಲ್ಲೇ ನೇಯಿಸಿದ, ದಪ್ಪನೆಯ ಕರಿ ಕಂಬಳಿ.

“ಅಲ್ಲಿ ಕಂಬಳಿ ಯಾಕ್ರಿ ಅತ್ತಿ? ಭಾಳ ಸೆಕಿ ಅದಂತ,” ಎಂದೆ.

“ಹೊದಿಯಾಕಲ್ಲ ಯವ್ವಾ, ಹಾಸಾಕ. ನೆಲ ಯಾರದಾದ್ರೇನು, ತೆಳಗ ಕಂಬಳಿ ಇದ್ರ ನಮ್ಮನೀನೇ.”

ಇಷ್ಟು ಹೇಳಿ ಅದನ್ನು ಚೀಲದ ತಳಕ್ಕೆ ಒತ್ತಿ ಸ್ನಾನಕ್ಕೆ ಹೋದರು. ನಾನು ಅದನ್ನು ಹೊರಗೆಳೆದು ಟ್ರಂಕಿಗೆ ಹಾಕಿದೆ. ಸೆಕೆ ಎಂಬುದು ನೆಪ. ಲಾಡ್ಜಿನ ಬಿಳಿ ಹಾಸಿಗೆ, ಅದರ ಪಕ್ಕ ಕುರಿ ವಾಸನೆಯ ಕಂಬಳಿ, ಬಾಗಿಲಲ್ಲಿ ನಿಂತು ನೋಡುವ ಮಾಸ್ತರರ ಹೆಂಡತಿಯರು — ನನಗೆ ನಾಚಿಕೆಯಾಯಿತು. ಕಂಬಳಿಯ ಮೇಲೆಯೇ ಕೂತು ಉಂಡು ಬೆಳೆದವಳು ಕಂಬಳಿಯಲ್ಲಿ ಕೂದಲು ಹುಡುಕಿದೆ. ಆ ಜಾಗಕ್ಕೆ ಎರಡು ತೆಳು ಚಾದರ ಇಟ್ಟೆ. ಚೀಲ ಎಷ್ಟು ಚಂದ ಮುಚ್ಚಿತು! ಆಗ ಖುಷಿಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಲಾಡ್ಜಿನಲ್ಲಿ ಅತ್ತೆ ಚೀಲವನ್ನು ಪೂರಾ ಬರಿದು ಮಾಡಿದರು. ಒಂದು ಸಲವಲ್ಲ, ಎರಡು ಸಲ. “ನಾ ಕೈಯಾರೆ ಇಟ್ಟೀನಲ್ಲ ಯವ್ವಾ…” ಎಂದು ನನ್ನ ಮುಖ ನೋಡಿದರು. ಎಲ್ಲರೂ ಅಲ್ಲೇ ನಿಂತಿದ್ದರು. ಆಗ ಒಂದೇ ಒಂದು ನಿಜದ ಮಾತು ಸಾಕಿತ್ತು. ನಾನು ಹೇಳಿದ್ದು ಇದು:

“ಇಲ್ರಿ ಅತ್ತಿ. ನೀವು ಮಂಚದ ಮ್ಯಾಲೇ ಮರ್ತು ಬಂದೀರಿ. ನಾ ನೋಡೀನಿ.”

‘ನಾ ನೋಡೀನಿ’ — ಸಾಕ್ಷಿ ಹೇಳೆಂದು ನನ್ನನ್ನು ಕೇಳಿದವರು ಯಾರು? ನೋಡಿದ್ದರೆ ತರಲಿಲ್ಲವೇಕೆ ಎಂದೂ ಯಾರೂ ಕೇಳಲಿಲ್ಲ. “ವಯಸ್ಸಾದ್ರ ಹಂಗೇರಿ,” ಎಂದು ಯಾರೋ ನಕ್ಕರು. ಅತ್ತೆಯೂ ನಕ್ಕರು. ಎರಡು ದಿನ ಮರಳಿನ ಮೇಲೆ ಸೆರಗು ಮುದುಡಿಕೊಂಡು ಕೂತು ಸಮುದ್ರ ನೋಡಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ — ಇಲ್ಲ, ನಾನು ಮಾಡಿದ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಊರಿಗೆ ಬಂದಾಗ ಎಲ್ಲರಿಗಿಂತ ಮುಂದೆ ಮನೆಯೊಳಗೆ ಓಡಿ, ಟ್ರಂಕಿನಿಂದ ಕಂಬಳಿ ತೆಗೆದು ಮಂಚದ ಮೇಲೆ ಇಟ್ಟೆ. ಅತ್ತೆ ಒಳಗೆ ಬಂದು ನೋಡಿ, ಅದರ ಪಕ್ಕ ಕೂತರು. “ಖರೇನ ಮರ್ತೀನಲ್ಲ,” ಎಂದರು. ಆ ದನಿ ನನಗೆ ಇಂದಿಗೂ ಕೇಳುತ್ತದೆ.

ಮರೆವು ಎಂಬುದು ಅವರಿಗೆ ಸಣ್ಣ ಮಾತಾಗಿರಲಿಲ್ಲ. ಅತ್ತೆಯ ತವರು ನಾಗಲಗಿದ್ದ ಊರಿನ ಕಡೆ, ಕುರಿ ಸಾಕುವ ಮನೆ. ಅಲ್ಲಿ ಎಳೆಯ ಮರಿಗಳನ್ನು ದೊಡ್ಡಿಯಲ್ಲಿ ಬಿಟ್ಟು ತಾಯಿಗಳು ಮೇಯಲು ಹೋಗುತ್ತವೆ. ಸಂಜೆ ಹಿಂಡು ಬಂದಾಗ ಒಂದೊಂದು ಮರಿಯನ್ನೂ ಅದರ ತಾಯಿಗೇ ಬಿಡಬೇಕು. ಬೇರೆಯದರ ಮರಿಯನ್ನು ಕುರಿ ಹತ್ತಿರ ಸೇರಿಸುವುದಿಲ್ಲ. ಧೂಳು, ಅರಚಾಟ, ನೂರಾರು ಮುಖ. ಅತ್ತೆ ನಡುವೆ ನಿಂತು “ಇದು ಅದರದು, ಅದು ಇದರದು” ಎಂದು ಹೇಳುತ್ತಿದ್ದರೆ ಗಂಡಸರು ಸುಮ್ಮನೆ ಹಿಡಿದು ಬಿಡುತ್ತಿದ್ದರು. ಪ್ರತಿ ವರ್ಷ ಮರಿ ಹಾಕುವ ಹೊತ್ತಿಗೆ ಅವರ ತಮ್ಮ ತಾಂಡೂರಿಗೆ ಬಂದು, ಮರ್ಯಾದೆಯಿಂದ ಕರೆದೊಯ್ಯುತ್ತಿದ್ದರು.

ಆ ವರ್ಷವೂ ಬಂದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಹೇಳಿದ್ದು ಕೇಳಿತು.

“ಒಲ್ಲೆ ತಮ್ಮಾ. ಗಂಡನ ಕಂಬಳಿ ಮರ್ತಾಕಿ, ಮರಿ ಏನು ಗುರ್ತ ಹಿಡೀಲಿ?”

ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಹೊರಗೆ ಹೋಗಲಿಲ್ಲ. ಮರುವರ್ಷವೂ, ಅದರ ಮರುವರ್ಷವೂ ಅವರು ಬಂದರು, ಎರಡು ಸಲವೂ ನಾನು ಒಳಗೇ ಇದ್ದೆ. ಅಷ್ಟರಲ್ಲಿ ಅತ್ತೆ “ನಾ ಗುಳಿಗಿ ನುಂಗೀನೇನ ಯವ್ವಾ?” ಎಂದು ದಿನಾ ನನ್ನನ್ನೇ ಕೇಳುವಂತಾಗಿದ್ದರು. ನಾನು ತಾಳ್ಮೆಯಿಂದ ಉತ್ತರಿಸುತ್ತಿದ್ದೆ. ಎಂಥ ಸೊಸೆ ಎಂದು ಜನ ಹೊಗಳಿದರು. ನಾನು ಹೊಗಳಿಸಿಕೊಂಡೆ.

ಈ ದಸರೆಗೆ ಅವೇ ನಾಲ್ಕು ಮನೆಯವರು ಮತ್ತೆ ಸಮುದ್ರಕ್ಕೆಂದು ಹೊರಡುವವರಿದ್ದೆವು. ಚೀಲ ಬಿಚ್ಚಿ ಕೂತಿದ್ದೆ. ಅತ್ತೆ ಕಂಬಳಿ ತಂದು ನನ್ನ ಮಡಿಲಲ್ಲಿ ಇಟ್ಟರು. “ನೀನ ಇಡವ್ವಾ. ನನ್ನ ಕೈ ನಂಬಂಗಿಲ್ಲ.”

ಮಡಿಸಲಾಗಲಿಲ್ಲ ನನಗೆ.

“ಅತ್ತಿ, ಆವತ್ತು ನೀವು ಮರ್ತಿದ್ದಿಲ್ರಿ. ನಾ ತಗದು ಟ್ರಂಕಿನ್ಯಾಗ ಹಾಕಿದ್ದೆ. ಸುಳ್ಳ ಹೇಳೀನಿ.”

ಬೈಗುಳಕ್ಕೆ ಸಿದ್ಧಳಾಗಿದ್ದೆ. ಅತ್ತೆಯ ಬಾಗಿದ ಬೆನ್ನು ನೆಟ್ಟಗಾಯಿತು.

“ಹಂಗಾದ್ರ ನಾ ಮರ್ತಿದ್ದಿಲ್ಲ?”

“ಇಲ್ರಿ.”

“ನನ್ನ ತಮ್ಮಗ ಫೋನ್ ಹಚ್ಚು.”

ಫೋನಿನಲ್ಲಿ ಅವರ ದನಿ ಓಣಿಗೆಲ್ಲ ಕೇಳಿತು. “ಮರಿ ಹಾಕಾಕ ಹತ್ಯಾವೇನೋ? ನಾ ಬರ್ತೀನಿ. ನನ್ನ ತಲಿ ಛಲೋ ಅದ!” ಸಮುದ್ರದ ಪ್ರಯಾಣ ಎಂದು ಯಜಮಾನರು ನೆನಪಿಸಿದರೆ, “ಸಮುದ್ರ ಎಲ್ಲಿ ಹೋಗ್ತದ, ಅಲ್ಲೇ ಇರ್ತದ,” ಎಂದುಬಿಟ್ಟರು. ಎಂಥ ಹೆಣ್ಣುಮಗಳು! ನನ್ನ ಜಂಬವೆಲ್ಲ ಸೇರಿದರೂ ಅವರ ಆ ಒಂದು ಮಾತಿಗೆ ಸಮವಲ್ಲ. ಅವರ ಸೊಸೆ ಎಂದು ನನಗೆ ಹೆಮ್ಮೆಯಾಯಿತು. ಹೆಮ್ಮೆ ಪಡುವ ಹಕ್ಕು ನನಗಿದೆಯೋ ಇಲ್ಲವೋ, ಆಯಿತು.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಸುಳ್ಳನ್ನು ನಾಲ್ಕು ಮನೆಯವರ ಎದುರು ಹೇಳಿ, ನಿಜವನ್ನು ಕೋಣೆಯೊಳಗೆ ಪಿಸುಗುಟ್ಟಿದರೆ ಆಗದು, ಅದಕ್ಕೇ ಬರೆದಿದ್ದೇನೆ.

ನಾಗಲಗಿದ್ದಕ್ಕೆ ಅವರ ಚೀಲ ನಾನೇ ಕಟ್ಟಿದೆ, ಇಷ್ಟು ಚೊಕ್ಕಟವಾಗಿ ಎಂದೂ ಕಟ್ಟಿರಲಿಲ್ಲ. ಅತ್ತೆ ಬಂದು ನೆಲದ ಮೇಲೆ ಕೂತು ಅದನ್ನು ಬಿಚ್ಚಿದರು. ಒಂದೊಂದೇ ಬಟ್ಟೆ ಹೊರಗಿಟ್ಟು, ತಳಕ್ಕೆ ಕೈ ಹಾಕಿ ಕಂಬಳಿ ಮುಟ್ಟಿ ನೋಡಿ, ಎಲ್ಲವನ್ನೂ ತಮ್ಮ ಸೊಟ್ಟ ಮಡಿಕೆಯಲ್ಲಿ ತುಂಬಿಕೊಂಡರು. ಇನ್ನು ಮುಂದೆ ನಾನು ಕಟ್ಟಿದ ಪ್ರತಿ ಚೀಲವನ್ನೂ ಹೀಗೇ ಬಿಚ್ಚಿ ನೋಡುತ್ತಾರೆ. ನೋಡಲಿ. ಅವರು ನೋಡಿ ಮುಗಿಸುವವರೆಗೆ ನಾನು ಪಕ್ಕದಲ್ಲೇ ನಿಂತಿರುತ್ತೇನೆ.